ಸಂತೆಯ ಮಾತು ಸಮೀಕರಣವಾಗುವ ಬಗೆ

ಒಂಬತ್ತು ಮಾದಲ ಹಣ್ಣು, ಏಳು ಬೇಲದ ಹಣ್ಣು ಸೇರಿ ಬೆಲೆ 107. ಏಳು ಮಾದಲ, ಒಂಬತ್ತು ಬೇಲ ಸೇರಿ 101. ಹಾಗಾದರೆ ಒಂದು ಮಾದಲಕ್ಕೆ ಎಷ್ಟು, ಒಂದು ಬೇಲಕ್ಕೆ ಎಷ್ಟು?

ಹತ್ತನೇ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಈ ಲೆಕ್ಕ ಕಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಇದಕ್ಕೆ ಹನ್ನೊಂದು ಶತಮಾನಕ್ಕಿಂತ ಹೆಚ್ಚು ವಯಸ್ಸಾಗಿದೆ. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದ ಮಿಶ್ರಕ ವ್ಯವಹಾರ ಎಂಬ ಆರನೇ ಅಧ್ಯಾಯದಲ್ಲಿ ಕೊಟ್ಟ ಲೆಕ್ಕ ಇದು. ಬರೆದದ್ದು ಸಂಸ್ಕೃತದಲ್ಲಾದರೂ ಕಾಲ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನದು. 814ರಿಂದ 878ರವರೆಗೆ ಆಳಿದ ಆ ದೊರೆಯ ಆಸ್ಥಾನದಲ್ಲೇ 'ಕವಿರಾಜಮಾರ್ಗ'ವೂ ಹುಟ್ಟಿತು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದ ಸಮೇತ ಅಚ್ಚು ಹಾಕಿಸಿದ ಮೇಲೆ ಗ್ರಂಥ ಹೊರಜಗತ್ತಿನ ಕಣ್ಣಿಗೆ ಬಿತ್ತು. ಕನ್ನಡ ಅನುವಾದ, ಟಿಪ್ಪಣಿಗಳೊಂದಿಗೆ ಅದು ಮತ್ತೆ ಬೆಳಕು ಕಂಡದ್ದು 2000ದಲ್ಲಿ. ಅನುವಾದಿಸಿದವರು ಮೈಸೂರು ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕಿ ಡಾ. ಪದ್ಮಾವತಮ್ಮ. ಪ್ರಕಟಿಸಿದ್ದು ನಮ್ಮ ಹೊಸನಗರ ತಾಲೂಕಿನ ಹೊಂಬುಜ ಜೈನಮಠದ ಸಿದ್ಧಾಂತಕೀರ್ತಿ ಗ್ರಂಥಮಾಲೆ. ಹೊಂಬುಜಕ್ಕೆ, ಅಂದರೆ ಹುಂಚಕ್ಕೆ, ಹೋಗಿ ದೇವಿ ಪದ್ಮಾವತಿ ಅಮ್ಮನವರಿಗೆ ಕೈಮುಗಿದು ಬರುವ ನಮ್ಮಲ್ಲಿ ಬಹಳ ಮಂದಿಗೆ ಇದು ತಿಳಿದಿರಲಿಕ್ಕಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಒಂದೊಂದು ಪ್ರೌಢಶಾಲೆಯಲ್ಲೂ ಈ ಪುಸ್ತಕದ ಒಂದು ಪ್ರತಿ ಇರಬೇಕೆಂಬುದು ನನ್ನ ಆಸೆ.

ಆ ಆಸೆಗೆ ಕಾರಣವಿದೆ. ಗಣಿತ ಕಷ್ಟ ಎನ್ನುವ ಮಕ್ಕಳನ್ನು ಕೂರಿಸಿಕೊಂಡು ಎಲ್ಲಿ ಕಷ್ಟ ಎಂದು ಕೇಳುತ್ತಾ ಹೋದರೆ, ಮಾತು ಬಂದು ನಿಲ್ಲುವುದು ಹೇಳಿಕೆ ಲೆಕ್ಕದ ಹತ್ತಿರ. ಸಮೀಕರಣ ಬರೆದುಕೊಟ್ಟರೆ ಬಿಡಿಸುತ್ತಾರೆ. ಆದೇಶ ವಿಧಾನ, ವರ್ಜಿಸುವ ವಿಧಾನ ಎಲ್ಲವೂ ಬಾಯಿಪಾಠ. ಮೂರು ಸಾಲಿನ ಕನ್ನಡ ಕೊಟ್ಟು "ಸಮೀಕರಣ ನೀವೇ ಬರೆಯಿರಿ" ಎಂದರೆ ಪೆನ್ನು ನಿಲ್ಲುತ್ತದೆ. ನಮ್ಮ ಪಾಠಗಳಲ್ಲಿ ಹೆಚ್ಚು ಹೊತ್ತು ಹೋಗುವುದು ಬಿಡಿಸುವುದಕ್ಕೆ. ಬರೆಯುವ ಕೆಲಸ ಮೊದಲ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ, ಆ ಎರಡು ಸಾಲನ್ನು ಮೇಷ್ಟ್ರೇ ಬೋರ್ಡಿನ ಮೇಲೆ ಬರೆದಿರುತ್ತಾರೆ. ಮಗು ಕಲಿಯಬೇಕಾದದ್ದು ಆ ಎರಡು ಸಾಲನ್ನೇ. ಬಿಡಿಸುವುದನ್ನು ಈಗ ಮೊಬೈಲ್ ಫೋನೂ ಮಾಡುತ್ತದೆ.

ಮಾದಲದ ಲೆಕ್ಕವನ್ನೇ ನಿಧಾನವಾಗಿ ನೋಡೋಣ. ಮೊದಲ ಪ್ರಶ್ನೆ: ಗೊತ್ತಿಲ್ಲದ್ದು ಯಾವುದು? ಹಣ್ಣು ಎಷ್ಟೆಂದು ಗೊತ್ತಿದೆ, ಒಟ್ಟು ದುಡ್ಡು ಎಷ್ಟೆಂದೂ ಗೊತ್ತಿದೆ. ಗೊತ್ತಿಲ್ಲದ್ದು ಒಂದೊಂದು ಹಣ್ಣಿನ ಬೆಲೆ. ಹಾಗಾದರೆ ಅಕ್ಷರ ನಿಲ್ಲಬೇಕಾದದ್ದು ಬೆಲೆಯ ಜಾಗದಲ್ಲಿ. ಇಷ್ಟು ಸರಳವಾದ ಮಾತಿನಲ್ಲೇ ಹೆಚ್ಚಿನ ಮಕ್ಕಳು ಎಡವುವುದು. "ಮಾದಲಕ್ಕೆ ಮ ಇಟ್ಟುಕೊಳ್ಳಿ, ಬೇಲಕ್ಕೆ ಬ ಇಟ್ಟುಕೊಳ್ಳಿ" ಎಂದು ನಾವೇ ಹೇಳಿಕೊಡುತ್ತೇವೆ. 9ಮ + 7ಬ ಎಂದು ಬರೆದಾಗ ಮಗು ಅದನ್ನು ಒಂಬತ್ತು ಮಾದಲ ಹಣ್ಣು, ಏಳು ಬೇಲದ ಹಣ್ಣು ಎಂದೇ ಓದಿಕೊಳ್ಳುತ್ತದೆ. ಹಣ್ಣಿಗೆ ಹಣ್ಣು ಕೂಡಿಸಿದರೆ 107 ರೂಪಾಯಿ ಹೇಗೆ ಬಂದೀತು? ಈ ಲೆಕ್ಕದಲ್ಲಿ ಹೇಗೋ ಉತ್ತರ ಬಂದುಬಿಡುತ್ತದೆ, ಆದ್ದರಿಂದ ತಪ್ಪು ತಿಳಿವಳಿಕೆ ಹೊರಗೆ ಕಾಣುವುದಿಲ್ಲ. ಮುಂದಿನ ಲೆಕ್ಕದಲ್ಲಿ ಅದು ಕೈಕೊಡುತ್ತದೆ.

ಎಷ್ಟರ ಮಟ್ಟಿಗೆ ಕೈಕೊಡುತ್ತದೆ ಎನ್ನುವುದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ 1980ರ ಆಸುಪಾಸಿನಲ್ಲಿ ಜಾನ್ ಕ್ಲೆಮೆಂಟ್ ಮತ್ತು ಸಂಗಡಿಗರು ಮಾಡಿದ ಪರೀಕ್ಷೆಯೇ ಸಾಕ್ಷಿ. ಒಂದು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ, ಇದನ್ನು ಸಮೀಕರಣವಾಗಿ ಬರೆಯಿರಿ ಎಂದು ಎಂಜಿನಿಯರಿಂಗ್‌ಗೆ ಸೇರಿದ ಹುಡುಗ ಹುಡುಗಿಯರನ್ನೇ ಕೇಳಿದರು. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ತಪ್ಪು ಬರೆದರು. ತಪ್ಪು ಬಹುತೇಕ ಒಂದೇ ಬಗೆಯದು: ಆರು ಗುಣಿಸು ವಿದ್ಯಾರ್ಥಿ ಸಮ ಪ್ರಾಧ್ಯಾಪಕ. ಆರು ಜನ ವಿದ್ಯಾರ್ಥಿಗಳ ಪಕ್ಕದಲ್ಲಿ ಒಬ್ಬ ಪ್ರಾಧ್ಯಾಪಕ ನಿಂತ ಚಿತ್ರವನ್ನು ಅವರು ಹಾಗೆಯೇ ಕಾಗದಕ್ಕೆ ಇಳಿಸಿದ್ದರು. ಹತ್ತು ಪ್ರಾಧ್ಯಾಪಕರು, ಅರವತ್ತು ವಿದ್ಯಾರ್ಥಿಗಳು ಎಂದು ಹಾಕಿ ನೋಡಿದ್ದರೆ ಎಡಗಡೆ 360, ಬಲಗಡೆ 10 ಬಂದು ತಪ್ಪು ತಾನಾಗಿ ಸಿಕ್ಕಿಬೀಳುತ್ತಿತ್ತು. ಬರೆದ ಸಮೀಕರಣಕ್ಕೆ ಒಂದು ಸಲ ಗೊತ್ತಿರುವ ಅಂಕಿ ಹಾಕಿ ನೋಡುವ ಅಭ್ಯಾಸವನ್ನು ಏಳನೇ ತರಗತಿಯಲ್ಲೇ ಹಚ್ಚಿಬಿಡಬೇಕು.

ನಮ್ಮ ಹಳಬರು ಅಕ್ಷರ ಆರಿಸಿದ ರೀತಿ ಈ ದೃಷ್ಟಿಯಿಂದ ಬಹಳ ಜಾಣತನದ್ದು. ಬ್ರಹ್ಮಗುಪ್ತ 628ರಲ್ಲೇ ಗೊತ್ತಿಲ್ಲದ ರಾಶಿಗಳಿಗೆ ಬಣ್ಣಗಳ ಹೆಸರಿಟ್ಟಿದ್ದ. 1150ರ ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಮೊದಲ ಅವ್ಯಕ್ತಕ್ಕೆ ಯಾವತ್ತಾವತ್, ಅಂದರೆ 'ಎಷ್ಟೋ ಅಷ್ಟು'. ಅದರ ಗುರುತು ಯಾ. ಎರಡನೆಯದಕ್ಕೆ ಕಾಲಕ, ಕಪ್ಪು, ಗುರುತು ಕಾ. ಮೂರನೆಯದು ನೀಲಕ, ನೀ. ಆಮೇಲೆ ಹಳದಿ, ಕೆಂಪು. ಮಾದಲ ಹಣ್ಣು ಕಪ್ಪಲ್ಲ, ಬೇಲ ನೀಲಿಯಲ್ಲ. ಆದ್ದರಿಂದ ಕಾ ಎಂದರೆ ಹಣ್ಣು ಎಂದು ಯಾರೂ ಮೋಸಹೋಗುವಂತಿಲ್ಲ. ಅದು ಯಾವುದೋ ಒಂದು ಸಂಖ್ಯೆ, ಸದ್ಯಕ್ಕೆ ಗೊತ್ತಿಲ್ಲ, ಅಷ್ಟೇ. ಇಂದು ನಾವು ಬಳಸುವ ಎಕ್ಸ್, ವೈಗಳನ್ನು ಡೆಕಾರ್ಟ್ 1637ರಲ್ಲಿ ಬಳಕೆಗೆ ತಂದ. ಅವಕ್ಕೂ ಇದೇ ಗುಣವಿದೆ, ವಸ್ತುವಿನ ಹೆಸರಿನೊಂದಿಗೆ ಅವುಗಳಿಗೆ ನಂಟಿಲ್ಲ. ವಸ್ತುವಿನ ಮೊದಲಕ್ಷರ ಇಡುವ ಪದ್ಧತಿಯನ್ನು ಬಿಡಬೇಕೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಈ ಬರಹದಲ್ಲಿ ಯಾ, ಕಾ ಇರಲಿ.

ಒಂದು ಮಾದಲದ ಬೆಲೆ ಯಾ ರೂಪಾಯಿ, ಒಂದು ಬೇಲದ ಬೆಲೆ ಕಾ ರೂಪಾಯಿ. ಈ ಸಾಲನ್ನು ಪೂರ್ತಿ ವಾಕ್ಯವಾಗಿ, 'ಬೆಲೆ', 'ರೂಪಾಯಿ' ಎಂಬ ಎರಡೂ ಮಾತಿನೊಡನೆ ಬರೆಯಬೇಕು. ಒಂಬತ್ತು ಮಾದಲಕ್ಕೆ 9ಯಾ ರೂಪಾಯಿ, ಏಳು ಬೇಲಕ್ಕೆ 7ಕಾ ರೂಪಾಯಿ. ಕೂಡಿದರೆ

9ಯಾ + 7ಕಾ = 107

ಎರಡನೇ ಖರೀದಿಗೆ

7ಯಾ + 9ಕಾ = 101

ಸಮ ಚಿಹ್ನೆಯ ಆಚೆ ಈಚೆ ಇರುವುದು ಒಂದೇ ಜಾತಿಯದೇ ಎಂದು ನೋಡಿಕೊಳ್ಳಿ. ಎಡಗಡೆಯ ಎರಡೂ ಪದಗಳು ರೂಪಾಯಿ, ಬಲಗಡೆಯದೂ ರೂಪಾಯಿ. ಹಣ್ಣು, ಕೆಜಿ, ಕಿಲೋಮೀಟರ್ ಎಲ್ಲಾದರೂ ನುಸುಳಿದ್ದರೆ ಸಮೀಕರಣ ಕೆಟ್ಟಿದೆ ಎಂದೇ ಅರ್ಥ.

ಇನ್ನು ಬಿಡಿಸುವುದು. ಅಂಕಿಗಳು ಅದಲುಬದಲಾಗಿ ಕೂತಿವೆ. ಎರಡನ್ನೂ ಕೂಡಿಸಿದರೆ ಹದಿನಾರು ಮಾದಲ, ಹದಿನಾರು ಬೇಲಕ್ಕೆ 208, ಅಂದರೆ ಒಂದು ಜೋಡಿಗೆ 13. ಒಂದರಿಂದ ಒಂದನ್ನು ಕಳೆದರೆ ಎರಡು ಮಾದಲದ ಬೆಲೆಗೂ ಎರಡು ಬೇಲದ ಬೆಲೆಗೂ ಇರುವ ಅಂತರ 6, ಒಂದಕ್ಕೆ ಒಂದರ ಅಂತರ 3. ಕೂಡಿದರೆ 13, ಕಳೆದರೆ 3. ಮಾದಲಕ್ಕೆ 8, ಬೇಲಕ್ಕೆ 5. ಮಹಾವೀರನ ಸೂತ್ರ ಇನ್ನೊಂದು ದಾರಿ ಹಿಡಿಯುತ್ತದೆ. ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದ, ಚಿಕ್ಕ ಮೊತ್ತವನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ ಕಳೆಯಬೇಕು: 963ರಲ್ಲಿ 707 ಹೋದರೆ 256. ಅದನ್ನು ಎರಡು ಸಂಖ್ಯೆಗಳ ವರ್ಗಗಳ ಅಂತರ, 81ರಲ್ಲಿ 49 ಹೋದ 32ರಿಂದ ಭಾಗಿಸಿದರೆ 8. ಇವತ್ತಿನ ವರ್ಜಿಸುವ ವಿಧಾನದಲ್ಲಿ ಕೈ ಮಾಡುವುದೂ ಇದನ್ನೇ.

ಈಗ ನಮ್ಮ ಪೇಟೆಗೆ ಬರೋಣ. ಮಾವಿನ ಮಿಡಿಯ ಕಾಲದಲ್ಲಿ ಸಾಗರದಲ್ಲೋ ರಿಪ್ಪನ್‌ಪೇಟೆಯಲ್ಲೋ ರಸ್ತೆ ಬದಿಗೆ ಗೋಣಿ ಹಾಸಿ ಅಪ್ಪೆಮಿಡಿ ರಾಶಿ ಹಾಕಿಕೊಂಡು ಕೂತವರನ್ನು ನೋಡಿದ್ದೀರಿ. ಕೊಳ್ಳುವವರು ಮೊದಲು ಒಂದು ಮಿಡಿ ಎತ್ತಿಕೊಂಡು ತೊಟ್ಟು ಮುರಿದು ಸೊನೆಯ ಪರಿಮಳ ನೋಡುತ್ತಾರೆ. ಮನಸ್ಸಿಗೆ ಬಂದರೆ ಆಮೇಲೆ ದರದ ಮಾತು.

"ಹ್ಯಾಂಗೆ ಕೊಡ್ತೀಯ ಮಾರಾಯ್ತಿ ಮಿಡಿ?"

"ನೂರಕ್ಕೆ ನಾನೂರು ಅಮ್ಮಾ. ಹತ್ತು ಕೊಸರು ಹಾಕ್ತೀನಿ, ತಗೊಳಿ."

ಈ ಒಂದು ಉತ್ತರದಲ್ಲಿ ಎಂಟನೇ ತರಗತಿಯ ಒಂದು ಪಾಠವೇ ಇದೆ. (ದರವನ್ನು ಲೆಕ್ಕಕ್ಕೆಂದು ಇಟ್ಟುಕೊಂಡಿದ್ದೇನೆ. ಮಿಡಿಯ ದರ ಜಾತಿಯ ಮೇಲೆ, ಆ ವರ್ಷದ ಫಸಲಿನ ಮೇಲೆ ಏರಿಳಿಯುತ್ತದೆ.) ಒಂದು ಮಿಡಿಗೆ ನಾಲ್ಕು ರೂಪಾಯಿ ಎಂಬುದು ಸರಿ. ಆದರೆ ಕೊಸರು ಯಾವ ಬಗೆಯದು? "ಎಷ್ಟಾದರೂ ತಗೊಳಿ, ಹತ್ತು ಕೊಸರು" ಎನ್ನುವುದು ಒಂದು ಮಾತು. "ನೂರು ನೂರಕ್ಕೂ ಹತ್ತು ಕೊಸರು" ಎನ್ನುವುದು ಇನ್ನೊಂದು ಮಾತು. ದುಡ್ಡು ಕೊಟ್ಟ ಮಿಡಿಗಳ ಸಂಖ್ಯೆ ಯಾ ಆಗಿರಲಿ. ಮೊದಲ ಮಾತಿನಲ್ಲಿ ಚೀಲಕ್ಕೆ ಬೀಳುವ ಮಿಡಿಗಳು ಯಾ + 10. ಎರಡನೇ ಮಾತಿನಲ್ಲಿ ಯಾ + ಯಾ/10. ಮೊದಲನೆಯದರಲ್ಲಿ ಹತ್ತು ಸುಮ್ಮನೆ ಕೂತಿದೆ, ನೀವು ಎಷ್ಟು ಕೊಂಡರೂ ಅದು ಅಲುಗುವುದಿಲ್ಲ. ಪುಸ್ತಕದಲ್ಲಿ ಸ್ಥಿರಾಂಕ ಎನ್ನುವುದು ಇದನ್ನೇ. ಎರಡನೆಯದರಲ್ಲಿ ಕೊಸರು ಯಾ ಜೊತೆಗೇ ಬೆಳೆಯುತ್ತದೆ, ಅಂದರೆ ಸಹಗುಣಕವೇ 1ರಿಂದ 1.1ಕ್ಕೆ ಏರಿದೆ.

ಐವತ್ತೇ ಮಿಡಿ ಸಾಕೆನ್ನುವವರಿಗೆ ಮೊದಲ ಮಾತಿನಲ್ಲಿ 60 ಸಿಗುತ್ತದೆ, ಎರಡನೆಯದರಲ್ಲಿ 55. ಮುನ್ನೂರು ಕೊಳ್ಳುವವರಿಗೆ ಮೊದಲನೆಯದರಲ್ಲಿ 310, ಎರಡನೆಯದರಲ್ಲಿ 330. ಎರಡೂ ಸಮವಾಗುವುದು ಎಲ್ಲಿ? ಯಾ + 10 = ಯಾ + ಯಾ/10 ಎಂದು ಬರೆದರೆ ಯಾ/10 = 10, ಯಾ = 100. ಗ್ರಾಫ್ ಹಾಳೆಯ ಮೇಲೆ ಇವೆರಡೂ ಸರಳರೇಖೆಗಳು. ಒಂದು ಹತ್ತರಿಂದ ಹೊರಡುತ್ತದೆ, ಇನ್ನೊಂದು ಸೊನ್ನೆಯಿಂದ ಹೊರಟರೂ ಸ್ವಲ್ಪ ಕಡಿದಾಗಿ ಏರುತ್ತದೆ, ನೂರರ ಹತ್ತಿರ ಒಂದನ್ನೊಂದು ದಾಟುತ್ತವೆ. ಈ ದಾಟುವ ಬಿಂದುವೇ ನಕ್ಷಾ ವಿಧಾನದಲ್ಲಿ ಬರುವ ಪರಿಹಾರ. ನೂರೈವತ್ತು ಮಿಡಿ ಕೊಂಡರೆ ಮಿಡಿ ಮಾರುವವಳು ಹದಿನೈದು ಕೊಸರು ಹಾಕುತ್ತಾಳೋ, ಹತ್ತಕ್ಕೇ ನಿಲ್ಲಿಸುತ್ತಾಳೋ? ನೂರು ತುಂಬಿದಾಗ ಮಾತ್ರ ಹತ್ತು ಎಂದರೆ ರೇಖೆ ಮೆಟ್ಟಿಲಾಗುತ್ತದೆ, ಸರಳರೇಖೆ ಉಳಿಯುವುದಿಲ್ಲ. ತರಗತಿಯಲ್ಲಿ ಈ ಪ್ರಶ್ನೆ ಎತ್ತುವ ಮಗುವಿಗೆ ಪಾಠ ಅರ್ಥವಾಗಿದೆ ಎಂದೇ ತಿಳಿಯಬೇಕು.

ನಮ್ಮ ಹಿಂದಿನವರು ಅಂಗಡಿ ಲೆಕ್ಕವನ್ನೆಲ್ಲ ತ್ರೈರಾಶಿಯಲ್ಲೇ ತೂಗಿಸುತ್ತಿದ್ದರು. ಐದು ಸೇರಿಗೆ ಇಷ್ಟಾದರೆ ಎಂಟು ಸೇರಿಗೆ ಎಷ್ಟು? ಹನ್ನೆರಡನೇ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ' ಬರೆದು ಗಣಿತವನ್ನು ಮೊದಲ ಬಾರಿಗೆ ಕನ್ನಡಕ್ಕೆ ತಂದದ್ದೇ ಇಂಥ ಕೊಡುಕೊಳ್ಳುವ ಜನಕ್ಕಾಗಿ. ತ್ರೈರಾಶಿ ಒಳ್ಳೆಯ ಸಾಧನ, ಇಂದಿಗೂ ಹತ್ತರಲ್ಲಿ ಎಂಟು ಲೆಕ್ಕಕ್ಕೆ ಸಾಕು. ಆದರೆ ಸುಮ್ಮನೆ ಕೂತಿರುವ ಸ್ಥಿರಾಂಕವೊಂದು ಒಳಗೆ ಇದ್ದರೆ ಅದು ಸೋಲುತ್ತದೆ. ಅಡಿಕೆ ಚೀಲ ಮಂಡಿಗೆ ಸಾಗಿಸಲು ಲಗೇಜ್ ಆಟೊದವರು ಐದು ಕಿಲೋಮೀಟರಿಗೆ 200, ಹತ್ತು ಕಿಲೋಮೀಟರಿಗೆ 300 ತೆಗೆದುಕೊಂಡರು ಎನ್ನೋಣ. ತ್ರೈರಾಶಿ ಹಾಕಿದರೆ ಹತ್ತಕ್ಕೆ 400 ಆಗಬೇಕಿತ್ತು. ಹೆಚ್ಚಿನ ಐದು ಕಿಲೋಮೀಟರಿಗೆ ಹೆಚ್ಚಾದದ್ದು 100 ಮಾತ್ರ, ಅಂದರೆ ಕಿಲೋಮೀಟರಿಗೆ 20. ಹಾಗಾದರೆ ಐದು ಕಿಲೋಮೀಟರಿನ 200ರಲ್ಲಿ ಓಟಕ್ಕೆ ಹೋದದ್ದು 100, ಉಳಿದ 100 ಗಾಡಿ ಬಂದು ನಿಂತದ್ದಕ್ಕೆ. ಬಾಡಿಗೆ ಕಾ, ದೂರ ಯಾ ಎಂದಿಟ್ಟರೆ ಕಾ = 20ಯಾ + 100. ಹದಿನೆಂಟು ಕಿಲೋಮೀಟರಿಗೆ ಎಷ್ಟು ಕೇಳಬಹುದೆಂದು ಆಟೊ ಹತ್ತುವ ಮೊದಲೇ ಹೇಳಬಹುದು: 460. ಕರೆಂಟು ಬಿಲ್ಲಿನಲ್ಲಿ ನಿಗದಿತ ಶುಲ್ಕ ಒಂದು ಕಡೆ, ಯೂನಿಟ್ ದರ ಇನ್ನೊಂದು ಕಡೆ ಇರುವುದೂ ಇದೇ ರೂಪ.

ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕನ್ನಡದಲ್ಲಿ ಕೇಳಿದ ಲೆಕ್ಕ ಬಹಳ ಸಲ ಸಮೀಕರಣದ ಸಾಲಿನಲ್ಲೇ ನಡೆಯುತ್ತದೆ. "ಕಾಳುಮೆಣಸಿನ ಬೆಲೆ ಅಡಿಕೆ ಬೆಲೆಯ ಒಂದೂವರೆ ಪಟ್ಟಿಗಿಂತ 50 ಕಡಿಮೆ." ಅಡಿಕೆ ಬೆಲೆ ಯಾ, ಅದರ ಒಂದೂವರೆ ಪಟ್ಟು 1.5ಯಾ, ಅದಕ್ಕಿಂತ 50 ಕಡಿಮೆ, 1.5ಯಾ − 50. ಕಿವಿಗೆ ಬಿದ್ದ ಕ್ರಮದಲ್ಲೇ ಕೈ ಬರೆದುಕೊಂಡು ಹೋಯಿತು. ಇಂಗ್ಲಿಷಿನಲ್ಲಿ ಇದೇ ವಾಕ್ಯದಲ್ಲಿ 50 ಮೊದಲು ಬರುತ್ತದೆ, ಕಡಿಮೆ ಎಂಬುದು ಆಮೇಲೆ, ಯಾವುದಕ್ಕಿಂತ ಎಂಬುದು ಕೊನೆಗೆ. ಕೇಳಿದ ಕ್ರಮದಲ್ಲಿ ಬರೆದ ಮಗು 50 − 1.5ಯಾ ಎಂದು ಬರೆಯುತ್ತದೆ. ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಗೆ ಒಂದು ಉಪಾಯ ಹೇಳಿಕೊಡಬಹುದು: ಲೆಕ್ಕವನ್ನು ಮೊದಲು ಅಮ್ಮನಿಗೆ ಹೇಳುವ ಹಾಗೆ ಕನ್ನಡದಲ್ಲಿ ಹೇಳಿಕೊಂಡು ಆಮೇಲೆ ಸಮೀಕರಣ ಬರೆಯಲಿ.

ಹಾಗೆಂದು ಕನ್ನಡದ ದಾರಿಯಲ್ಲಿ ಮುಳ್ಳಿಲ್ಲವೆಂದಲ್ಲ. "ಎರಡು ಪಟ್ಟು ಜಾಸ್ತಿ" ಎಂದರೆ ಎರಡರಷ್ಟೋ, ಮೂರರಷ್ಟೋ? ಮಾತಿನಲ್ಲಿ ನಡೆದುಹೋಗುತ್ತದೆ, ಪ್ರಶ್ನೆಪತ್ರಿಕೆಯಲ್ಲಿ ಹೀಗೆ ಬರೆಯುವುದು ತಪ್ಪು. ಇನ್ನೊಂದು, ಕಡಿಮೆ ಎಂದ ಕೂಡಲೇ ಕಳೆಯುವುದು, ಒಟ್ಟು ಎಂದ ಕೂಡಲೇ ಕೂಡುವುದು. "ಟೊಮೆಟೊ ಕೆಜಿಗೆ 25 ರೂಪಾಯಿ, ಅದು ಈರುಳ್ಳಿಗಿಂತ 15 ರೂಪಾಯಿ ಕಡಿಮೆ. ಈರುಳ್ಳಿ ಎಷ್ಟು?" ಕಡಿಮೆ ಎಂಬ ಮಾತನ್ನೇ ಹಿಡಿದ ಮಗು ಹತ್ತು ಎನ್ನುತ್ತದೆ. ಈರುಳ್ಳಿಯ ಬೆಲೆ ಯಾ ಎಂದಿಟ್ಟು, ಹೇಳಿದ್ದನ್ನು ಹೇಳಿದ ಹಾಗೆ ಬರೆದರೆ ಯಾ − 15 = 25. ಉತ್ತರ 40. ಇದರಲ್ಲಿ ಸಮೀಕರಣದ ದೊಡ್ಡ ಉಪಕಾರ ಕಾಣುತ್ತದೆ. ಕೂಡುವುದೋ ಕಳೆಯುವುದೋ ಎಂದು ಮೊದಲೇ ತಲೆಕೆಡಿಸಿಕೊಳ್ಳಬೇಕಿಲ್ಲ, ಕಥೆಯನ್ನು ಇದ್ದ ಹಾಗೆ ಬರೆದರೆ ಸಾಕು. ಕೂಡುವ ಕಳೆಯುವ ತೀರ್ಮಾನವನ್ನು ಸಮೀಕರಣವೇ ಆಮೇಲೆ ಹೇಳುತ್ತದೆ.

ಸಮೀಕರಣ ಬರೆಯಲು ಬಂದರೆ ಏನು ಲಾಭ ಎಂದು ಕೇಳುವ ತಂದೆತಾಯಿಗೆ ತೀರ್ಥಹಳ್ಳಿ, ಹೊಸನಗರ ಕಡೆಯ ಚೇಣಿಯ ಮಾತು ಸಾಕು. ಕೊನೆ ಇಳಿಸಿದ ಹಸಿ ಅಡಿಕೆಯನ್ನು ಹಾಗೆಯೇ ತೂಕಕ್ಕೆ ಚೇಣಿದಾರರಿಗೆ ಕೊಡುವುದೋ, ಮನೆಯಲ್ಲೇ ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿ ಮಂಡಿಗೆ ಹಾಕುವುದೋ? ಮೆಟ್ಟುಗತ್ತಿಯ ಮುಂದೆ ಕೂರುವ ಕೈಗಳು ಕಡಿಮೆಯಾದಂತೆ ಈ ಪ್ರಶ್ನೆ ಹೆಚ್ಚು ಮನೆಗಳಲ್ಲಿ ಎದ್ದಿದೆ. ಒಂದು ಕ್ವಿಂಟಾಲ್ ಹಸಿ ಅಡಿಕೆಗೆ ಹನ್ನೆರಡು ಹದಿಮೂರು ಕೆಜಿ ಒಣ ಅಡಿಕೆ ಎಂಬುದು ಊರಿನ ಅಂದಾಜು, ಇದೇ ಉತಾರ. ಚೇಣಿದಾರರು ಹಸಿ ಕ್ವಿಂಟಾಲಿಗೆ 5,400 ಕೊಡುತ್ತಾರೆ, ಮನೆಯಲ್ಲೇ ಮಾಡಿದರೆ ಸುಲಿಯುವುದರಿಂದ ಒಣಗಿಸುವವರೆಗೆ ಕ್ವಿಂಟಾಲಿಗೆ 900 ಖರ್ಚು ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಒಣ ಅಡಿಕೆಗೆ ಮಂಡಿಯಲ್ಲಿ ಸಿಗುವ ಕೆಜಿ ದರ ಯಾ ಆಗಿರಲಿ. ಹನ್ನೆರಡು ಕೆಜಿ ಉತಾರ ಬರುವುದಾದರೆ ಎರಡೂ ದಾರಿ ಸಮವಾಗುವುದು

12ಯಾ − 900 = 5,400

ಆದಾಗ. 12ಯಾ = 6,300, ಯಾ = 525. ಹೀಗೆ ಬೇಯಿಸಿ ಒಣಗಿಸಿದ ರಾಶಿ ಇಡಿಗೆ ಕ್ವಿಂಟಾಲಿಗೆ 52,500ಕ್ಕಿಂತ ಹೆಚ್ಚು ಸಿಗುವ ಭರವಸೆ ಇದ್ದರೆ ಬೇಯಿಸುವುದು ಮೇಲು, ಇಲ್ಲವಾದರೆ ಹಸಿ ಕೊಡುವುದೇ ವಾಸಿ.

ಇಲ್ಲಿಗೇ ನಿಲ್ಲಿಸಬಾರದು. ತೋಟದ ಅಡಿಕೆ ಚೆನ್ನಾಗಿ ಬಲಿತಿದ್ದು ಉತಾರ ಹದಿಮೂರು ಕೆಜಿ ಬಂದರೆ? 13ಯಾ = 6,300, ಯಾ ಸುಮಾರು 485. ಒಂದೇ ಒಂದು ಕೆಜಿ ಉತಾರದ ವ್ಯತ್ಯಾಸಕ್ಕೆ ಸಮವಾಗುವ ದರ ಕೆಜಿಗೆ 40 ರೂಪಾಯಿ ಕೆಳಗಿಳಿಯಿತು. ಖರ್ಚು 900ರ ಬದಲು 1,000 ಆದರೆ ಎಷ್ಟು ಬದಲಾಗುತ್ತದೆ ನೋಡಿ: 12ಯಾ = 6,400, ಯಾ ಸುಮಾರು 533. ಎಂಟು ರೂಪಾಯಿಯ ವ್ಯತ್ಯಾಸ. ಹಾಗಾದರೆ ನಿಮ್ಮ ತೋಟದ ಅಡಿಕೆಯ ಉತಾರ ಎಷ್ಟು ಎಂದು ಒಂದು ಕ್ವಿಂಟಾಲ್ ತೂಗಿ, ಒಣಗಿಸಿ, ಮತ್ತೆ ತೂಗಿ ತಿಳಿದುಕೊಳ್ಳುವುದು ಸುಲಿಯುವ ಕೂಲಿಯಲ್ಲಿ ಚೌಕಾಸಿ ಮಾಡುವುದಕ್ಕಿಂತ ಹೆಚ್ಚು ಮುಖ್ಯ. ಇದನ್ನು ಹೇಳಿದ್ದು ಸಮೀಕರಣ. ಬರಿಯ ಉತ್ತರದಿಂದ ಇದು ಗೊತ್ತಾಗುತ್ತಿರಲಿಲ್ಲ. ಬೇಯಿಸದೆ ಒಣಗಿಸಿ ಚಾಲಿ ಮಾಡುವ ಸಾಗರದ ಕಡೆಯವರು ಅಂಕಿಗಳನ್ನು ತಮ್ಮಂತೆ ಬದಲಿಸಿಕೊಳ್ಳಬಹುದು, ಸಮೀಕರಣದ ರೂಪ ಅದೇ.

ಎಲ್ಲ ಸಮೀಕರಣಕ್ಕೂ ಉತ್ತರ ಬಂದೇ ಬರುತ್ತದೆ ಎಂಬ ಭ್ರಮೆಯನ್ನೂ ಪುಸ್ತಕದ ಲೆಕ್ಕಗಳು ಬೆಳೆಸಿವೆ. ಒಂದು ಚೀಟಿಯಲ್ಲಿ ಮೂರು ತೆಂಗಿನಕಾಯಿ, ಎರಡು ಕೆಜಿ ಬೆಲ್ಲ, ಒಟ್ಟು 230. ಇನ್ನೊಂದರಲ್ಲಿ ಆರು ಕಾಯಿ, ನಾಲ್ಕು ಕೆಜಿ ಬೆಲ್ಲ, ಒಟ್ಟು 460. ಚೀಟಿ ಎರಡಾದರೂ ಸುದ್ದಿ ಒಂದೇ, ಎರಡನೆಯದು ಮೊದಲನೆಯದರ ಇಮ್ಮಡಿ ಮಾತ್ರ. ಕಾಯಿಗೆ ಎಷ್ಟೆಂದು ಹೇಳಲು ಬರುವುದಿಲ್ಲ. ಎರಡನೇ ಚೀಟಿಯಲ್ಲಿ 440 ಎಂದಿದ್ದರೆ ಮೂಲದಲ್ಲೇ ಏನೋ ಬದಲಾಗಿದೆ: ಹೆಚ್ಚು ಕೊಂಡದ್ದಕ್ಕೆ ಅಂಗಡಿಯ ಶೆಟ್ಟರು ಇಪ್ಪತ್ತು ಬಿಟ್ಟಿದ್ದಾರೆ, ಇಲ್ಲವೇ ಆ ವಾರ ದರ ಇಳಿದಿದೆ. ಗ್ರಾಫಿನಲ್ಲಿ ಇವು ಎಂದೂ ಸೇರದ ಸಮಾಂತರ ರೇಖೆಗಳು. ಎರಡು ಸಮೀಕರಣ ಬರೆಯುವಾಗ ಎರಡೂ ದಿನ ದರ ಒಂದೇ ಇತ್ತು ಎಂದು ನಾವು ಹೇಳದೆಯೇ ಒಪ್ಪಿಕೊಂಡಿರುತ್ತೇವೆ. ಈ ಒಪ್ಪಿಗೆಯನ್ನು ಮಗು ಒಂದು ಸಾಲಿನಲ್ಲಿ ಬರೆಯಲಿ.

ಸಮೀಕರಣ ಸಾಲದೆ ಬಂದು ಉತ್ತರಗಳು ಹೆಚ್ಚಾಗುವ ಲೆಕ್ಕಗಳೂ ಮಹಾವೀರನಲ್ಲಿವೆ. ಮೂರು ಪಣಕ್ಕೆ ಐದು ಪಾರಿವಾಳ, ಐದು ಪಣಕ್ಕೆ ಏಳು ಸಾರಸ, ಏಳು ಪಣಕ್ಕೆ ಒಂಬತ್ತು ಹಂಸ, ಒಂಬತ್ತು ಪಣಕ್ಕೆ ಮೂರು ನವಿಲು. ರಾಜಕುಮಾರನ ಆಟಕ್ಕೆ ನೂರು ಪಣಕ್ಕೆ ನೂರು ಹಕ್ಕಿ ತರಬೇಕು. ಅವ್ಯಕ್ತ ನಾಲ್ಕು, ಸಮೀಕರಣ ಎರಡೇ. 15 ಪಾರಿವಾಳ, 28 ಸಾರಸ, 45 ಹಂಸ, 12 ನವಿಲು ತಂದರೆ ಲೆಕ್ಕ ಸರಿಹೊಂದುತ್ತದೆ. ಬೇರೆ ಉತ್ತರಗಳೂ ಇವೆ. ರಜೆಯಲ್ಲಿ ಹುಡುಕಲು ಮಕ್ಕಳಿಗೆ ಬಿಟ್ಟಿದ್ದೇನೆ.

ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ವಾರಕ್ಕೊಂದು ದಿನ ಲೆಕ್ಕವನ್ನು ತಿರುಗಿಸಿ ಕೊಡಿ. ಬೋರ್ಡಿನ ಮೇಲೆ 3ಯಾ + 50 = 350 ಎಂದು ಬರೆದು, ಇದಕ್ಕೊಂದು ಕಥೆ ಬರೆಯಿರಿ, ಯಾ ಎಂದರೆ ಏನೆಂದು ಮೊದಲ ಸಾಲಿನಲ್ಲೇ ಹೇಳಿ ಎಂದು ಕೇಳಿ. ಒಬ್ಬಳು ಆಲೆಮನೆಯಿಂದ ಮೂರು ಕೆಜಿ ಜೋನಿಬೆಲ್ಲ ತರುತ್ತಾಳೆ, ಡಬ್ಬಕ್ಕೆ ಬೇರೆ 50 ಕೊಡುತ್ತಾಳೆ. ಇನ್ನೊಬ್ಬ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತಂಗಿಯರಿಗೆ ಮೂರು ಆಟಿಕೆ ಕೊಂಡು, ತನಗೆ 50ರ ಬತ್ತಾಸು ಕಟ್ಟಿಸಿಕೊಳ್ಳುತ್ತಾನೆ. ಮತ್ತೊಬ್ಬಳು ಸಾಗರದ ಮಾರಿಕಾಂಬಾ ಜಾತ್ರೆಗೆ ಮೂರು ಡಜನ್ ಬಳೆ, 50 ರೂಪಾಯಿ ಬಸ್ ಚಾರ್ಜು ಎಂದು ಬರೆಯುತ್ತಾಳೆ. ಇವೆಲ್ಲ ಸರಿ. ನಡುವೆ ಒಬ್ಬ "ಮೂರು ತೆಂಗಿನಕಾಯಿ, ಐವತ್ತು ಬಾಳೆಹಣ್ಣು ಸೇರಿ 350 ರೂಪಾಯಿ" ಎಂದು ಬರೆದು ಕೊಡುತ್ತಾನೆ. ಸಮೀಕರಣ ಬಿಡಿಸು ಎಂದರೆ ಅವನೂ ಯಾ = 100 ಎಂದು ಸರಿಯಾಗಿಯೇ ಬಿಡಿಸುತ್ತಾನೆ, ಪೂರ್ತಿ ಅಂಕವೂ ಸಿಗುತ್ತದೆ. ಅವನ ಮನಸ್ಸಿನಲ್ಲಿ ಸಂಖ್ಯೆ ಯಾವುದು, ಬೆಲೆ ಯಾವುದು ಎಂಬುದು ಬೆರೆತುಹೋಗಿದೆ ಎಂದು ಗೊತ್ತಾಗುವುದು ಅವನು ಬರೆದ ಕಥೆಯಿಂದ ಮಾತ್ರ. ಆಗ ಅವನ ಪಕ್ಕದಲ್ಲಿ ಕೂತು, "ಈ ಐವತ್ತು ಹಣ್ಣೋ ರೂಪಾಯಿಯೋ ಪುಟ್ಟಾ?" ಎಂದು ಕೇಳಿ, ಅವನೇ ಹೇಳುವವರೆಗೆ ಕಾಯಿರಿ.